ಪ್ರಿಂಟ್ ಮಾಡೋಕೆ ಆರ್ಟ್ ಸ್ಕೂಲ್ ಬೇಕಾ? ಸಿನಿಮಾ, ಗ್ಯಾರೇಜ್ ರಾಕ್ ಯಾಕೆ ಬೇಕು?

ಪ್ರಶ್ನೆ: ನಾನು ದಾವಣಗೆರೆಯವನು. ಪಿಯುಸಿ ಮುಗಿದಿದೆ. ಮನೆಯಲ್ಲೇ ವಿಡಿಯೋ ನೋಡಿಕೊಂಡು ಲಿನೋಕಟ್ ಮಾಡುತ್ತಿದ್ದೇನೆ. ಬಿವಿಎ (ದೃಶ್ಯಕಲೆಯ ಡಿಗ್ರಿ) ಸೇರಬೇಕೋ, ಬೇರೆ ಡಿಗ್ರಿ ಮಾಡಿಕೊಂಡು ಇದನ್ನು ಜೊತೆಗೆ ಇಟ್ಟುಕೊಳ್ಳಬೇಕೋ ಗೊತ್ತಾಗುತ್ತಿಲ್ಲ. ನಾಲ್ಕು ವರ್ಷ ಹಾಳಾಗುತ್ತೆ ಅನ್ನೋದು ಅಪ್ಪ ಅಮ್ಮನ ಭಯ. ಇನ್ನೊಂದು ಪ್ರಶ್ನೆ: ಪ್ರಿಂಟ್‌ಮೇಕಿಂಗ್ (ಅಚ್ಚು ತೆಗೆಯುವ ಕಲೆ) ಬಗ್ಗೆ ಮಾತಾಡುವಾಗಲೆಲ್ಲ ನೀವು ಸಿನಿಮಾ, ಪೋಸ್ಟರ್, ಗ್ಯಾರೇಜ್ ರಾಕ್ ಸಂಗೀತ ಅಂತ ಹೇಳುತ್ತೀರಿ. ನಮ್ಮ ಡ್ರಾಯಿಂಗ್ ಮೇಷ್ಟ್ರು ಅದೆಲ್ಲ ಕಮರ್ಷಿಯಲ್, ಕಲೆ ಅಲ್ಲ ಅಂತಾರೆ. ಇವಕ್ಕೂ ಪ್ರಿಂಟ್‌ಗೂ ಏನು ಸಂಬಂಧ?

ಉತ್ತರ: ಸೇರಿಕೊಳ್ಳಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ ಮಾತಾಡೋಣ. ಆದರೆ ಸರ್ಟಿಫಿಕೇಟ್‌ಗಾಗಿ ಸೇರಬೇಡಿ, ಪ್ರೆಸ್‌ಗಾಗಿ, ಅಂದರೆ ಅಚ್ಚು ತೆಗೆಯುವ ಯಂತ್ರಕ್ಕಾಗಿ, ಸೇರಿ. ಯಾವ ಕಾಲೇಜಿನಲ್ಲಿ ಒಳ್ಳೆಯ ಪ್ರೆಸ್ ಇದ್ದು, ಕ್ಲಾಸ್ ಮುಗಿದ ಮೇಲೂ ಅದನ್ನು ಮುಟ್ಟೋಕೆ ಬಿಡುತ್ತಾರೋ ಅದು ನಿಮಗೆ ಸರಿಯಾದ ಕಾಲೇಜು. ಪ್ರೆಸ್ ಇರುವ ಕೋಣೆಗೆ ಸದಾ ಬೀಗ ಬಿದ್ದಿದ್ದರೆ, ಎಷ್ಟೇ ಹೆಸರು ಮಾಡಿದ ಕಾಲೇಜಾದರೂ ಬೇಡ.

ನೀವು ಈಗ ಮಾಡುತ್ತಿರುವ ಲಿನೋಗೆ, ಅಂದರೆ ಲಿನೋಲಿಯಂ ತುಂಡಿನಲ್ಲಿ ಕೆತ್ತಿ ಅಚ್ಚು ತೆಗೆಯೋದಕ್ಕೆ, ಕಾಲೇಜು ಬೇಕಿಲ್ಲ. ಲಿನೋದಲ್ಲಿ ಇಂಕ್ ನಿಲ್ಲೋದು ಮೇಲ್ಮೈ ಮೇಲೆ. ಕೆತ್ತಿ ತೆಗೆದ ಜಾಗ ಬೆಳ್ಳಗೆ ಉಳಿಯುತ್ತೆ. ತೆಳು ಪೇಪರ್ ಇಟ್ಟು ಸ್ಟೀಲ್ ಚಮಚದ ಬೆನ್ನಿನಿಂದ ಒಂದೇ ಸಮ ಉಜ್ಜಿದರೆ ಪ್ರಿಂಟ್ ಬಂತು. ಜಪಾನಿನವರು ತಮ್ಮ ಬಣ್ಣದ ಮರದಚ್ಚುಗಳನ್ನೆಲ್ಲ ಬಾರೆನ್ ಅನ್ನುವ ಅಂಗೈಯಗಲದ ಬಿಲ್ಲೆಯಿಂದ ಕೈಯಲ್ಲೇ ಉಜ್ಜಿ ತೆಗೆದವರು. ಪ್ರೆಸ್ಸೇ ಬಳಸುತ್ತಿರಲಿಲ್ಲ. ಜಾಲರಿ ಬಟ್ಟೆಯ ಮೂಲಕ ಇಂಕ್ ಇಳಿಸುವ ಸ್ಕ್ರೀನ್ ಪ್ರಿಂಟಿಂಗ್‌ಗೂ ಒಂದು ಟೇಬಲ್, ಒಂದು ನಲ್ಲಿ ಇದ್ದರೆ ಸಾಕು.

ಲೋಹದ ತಗಡನ್ನು ಆಸಿಡ್‌ನಿಂದ ಕೊರೆಯುವ ಎಚಿಂಗ್ ಹಾಗಲ್ಲ. ಅಲ್ಲಿ ಇಂಕ್ ಇರೋದು ತಗಡಿನ ಗೀರುಗಳ ಒಳಗೆ. ಒದ್ದೆ ಮಾಡಿದ ದಪ್ಪ ಪೇಪರ್ ಆ ಗೀರಿನೊಳಕ್ಕೆ ಇಳಿದು ಇಂಕನ್ನು ಎತ್ತಿಕೊಂಡು ಬರಬೇಕು. ಚಮಚದಲ್ಲಿ ಎಷ್ಟು ಉಜ್ಜಿದರೂ ಅದು ಆಗೋದಿಲ್ಲ. ಎರಡು ಉಕ್ಕಿನ ರೋಲರ್, ನಡುವೆ ಜಾರುವ ಬೆಡ್, ಪೇಪರ್ ಮೇಲೆ ಹೊದಿಸುವ ಉಣ್ಣೆಯ ಬ್ಲಾಂಕೆಟ್, ಇಷ್ಟೂ ಇರುವ ಪ್ರೆಸ್ ಬೇಕು. ಜಿಂಕ್ ತಗಡನ್ನು ನೈಟ್ರಿಕ್ ಆಸಿಡ್‌ಗೆ ಇಳಿಸಿದಾಗ ಏಳುವ ಹೊಗೆ ಎದೆಗೆ ಹೋದರೆ ಅಪಾಯ. ಅದನ್ನು ಹೊರಗೆ ಎಳೆದು ಹಾಕುವ ಎಕ್ಸಾಸ್ಟ್ ಇರುವ ಕೋಣೆ ಬೇಕು. ದಯವಿಟ್ಟು ಇದನ್ನು ಮನೆಯ ಬಾತ್‌ರೂಮಿನಲ್ಲಿ ಪ್ರಯತ್ನಿಸಬೇಡಿ. ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ತೆಗೆಯುವ ಲಿಥೋಗೆ ಒಬ್ಬರೇ ಎತ್ತಲಾಗದಂಥ ಸುಣ್ಣದ ಕಲ್ಲು ಬೇಕು. ಜರ್ಮನಿಯ ಸೆನೆಫೆಲ್ಡರ್ 18ನೇ ಶತಮಾನದ ಕೊನೆಯಲ್ಲಿ ಆ ವಿಧಾನ ಕಂಡುಹಿಡಿದಾಗಿನಿಂದಲೂ ಒಳ್ಳೆಯ ಕಲ್ಲು ಅಂದರೆ ಬವೇರಿಯಾದ ಜೋಲ್ನ್‌ಹೋಫನ್ ಗಣಿಯದೇ. ಇವನ್ನೆಲ್ಲ ಒಬ್ಬ ಹುಡುಗ ಸ್ವಂತ ದುಡ್ಡಲ್ಲಿ ಮಾಡಿಕೊಳ್ಳೋಕೆ ಆಗಲ್ಲ. ನನ್ನ ಪ್ರಕಾರ ಆರ್ಟ್ ಸ್ಕೂಲ್ ಇರಬೇಕಾದ್ದು ಮುಖ್ಯವಾಗಿ ಇದಕ್ಕೇ.

ಹಾಗಾಗಿ ಕಾಲೇಜು ಆರಿಸುವಾಗ ಬ್ರೋಷರ್ ಪಕ್ಕಕ್ಕಿಟ್ಟು ನೇರವಾಗಿ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ. ನಮ್ಮಲ್ಲಿ ಪ್ರಿಂಟ್‌ಮೇಕಿಂಗ್ ವಿಭಾಗವನ್ನು ಈಗಲೂ ಗ್ರಾಫಿಕ್ಸ್ ಅಂತಲೇ ಕರೆಯೋದು ಜಾಸ್ತಿ. ನಿಮ್ಮ ದಾವಣಗೆರೆಯಲ್ಲೇ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಮೈಸೂರಿನಲ್ಲಿ ಕಾವಾ ಇದೆ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಇದೆ. ಎಲ್ಲ ಕಡೆಗೂ ಹೋಗಿ ಬನ್ನಿ. ವಾರ್ಷಿಕ ಪ್ರದರ್ಶನದ ದಿನ ಬೇಡ, ಸುಮ್ನೆ ಯಾವುದಾದರೂ ಮಾಮೂಲಿ ಮಂಗಳವಾರ ಹೋಗಿ. ಪ್ರೆಸ್‌ನ ಬ್ಲಾಂಕೆಟ್ ಮುಟ್ಟಿ ನೋಡಿ, ಒಣಗಿ ಗಟ್ಟಿಯಾಗಿದ್ದರೆ ಅದನ್ನು ತುಂಬಾ ದಿನದಿಂದ ಯಾರೂ ತೊಳೆದಿಲ್ಲ ಅಂತ ಅರ್ಥ. ಇಂಕ್ ಕಲಸುವ ಗಾಜಿನ ಮೇಲೆ ಈ ವಾರದ ಇಂಕ್ ಇದೆಯಾ? ಕೋಣೆಯ ಬೀಗದ ಕೈ ಯಾರ ಹತ್ತಿರ ಇರುತ್ತೆ? ಎಷ್ಟು ಗಂಟೆವರೆಗೆ ಕೆಲಸ ಮಾಡಬಹುದು? ಇದನ್ನು ಪ್ರಿನ್ಸಿಪಾಲರನ್ನು ಕೇಳಬೇಡಿ. ಕ್ಯಾಂಟೀನಿನಲ್ಲಿ ಕೂತಿರುವ ಫೈನಲ್ ಇಯರ್‌ನವರನ್ನು ಕೇಳಿ. ಅವರು ಮುಚ್ಚಿಡದೆ ಹೇಳುತ್ತಾರೆ.

ಪ್ರಿಂಟ್ ವಿಷಯದಲ್ಲಿ ಶಾಲೆಗಿಂತ ವರ್ಕ್‌ಶಾಪ್ ದೊಡ್ಡದು ಅನ್ನೋದಕ್ಕೆ ಒಂದು ಒಳ್ಳೆಯ ಉದಾಹರಣೆ ನಮ್ಮ ಪಕ್ಕದ ಚಿತ್ತೂರು ಜಿಲ್ಲೆಯವರೇ ಆದ ಕೃಷ್ಣಾ ರೆಡ್ಡಿ. ಅವರು ಶಾಂತಿನಿಕೇತನದಲ್ಲಿ ಓದಿದರು, ಲಂಡನ್ನಿನಲ್ಲೂ ಓದಿದರು. ಆದರೆ ಅವರ ಹೆಸರು ಉಳಿದಿರೋದು ಪ್ಯಾರಿಸ್ಸಿನ ಅಟೆಲಿಯರ್ 17ರಲ್ಲಿ ಮಾಡಿದ ಕೆಲಸದಿಂದ. ಅದು ಡಿಗ್ರಿ ಕೊಡುವ ಜಾಗವೇ ಅಲ್ಲ. ರಸಾಯನಶಾಸ್ತ್ರ ಓದಿದ್ದ ಹೇಟರ್ ಅನ್ನುವ ಇಂಗ್ಲಿಷ್ ಕಲಾವಿದ 1927ರಲ್ಲಿ ಶುರು ಮಾಡಿದ ವರ್ಕ್‌ಶಾಪ್. ಅಲ್ಲಿ ರೆಡ್ಡಿ ಮತ್ತು ಕೈಕೋ ಮೋತಿ ಸೇರಿ ವಿಸ್ಕಾಸಿಟಿ ಪ್ರಿಂಟಿಂಗ್ ಅನ್ನುವ ವಿಧಾನವನ್ನು ರೂಢಿಗೆ ತಂದರು. ಅದು ಹೀಗೆ ನಡೆಯುತ್ತೆ: ಒಂದೇ ತಗಡಿನಲ್ಲಿ ಬೇರೆ ಬೇರೆ ಆಳ ಕೊರೆಯುತ್ತೀರಿ. ಎಣ್ಣೆ ಜಾಸ್ತಿ ಇರುವ ತೆಳು ಇಂಕನ್ನು ಗಟ್ಟಿ ರೋಲರ್‌ನಲ್ಲಿ ಉರುಳಿಸಿದರೆ ಅದು ಎತ್ತರದ ಭಾಗಕ್ಕೆ ಮಾತ್ರ ತಾಗುತ್ತೆ. ಆಮೇಲೆ ಮಂದ ಇಂಕನ್ನು ಮೆತ್ತಗಿನ ರೋಲರ್‌ನಲ್ಲಿ ಉರುಳಿಸಿದರೆ ಅದು ತಗ್ಗಿಗೂ ಇಳಿಯುತ್ತೆ, ಆದರೆ ಎಣ್ಣೆಯಾದ ಜಾಗಕ್ಕೆ ಅಂಟೋದಿಲ್ಲ. ಹೀಗೆ ಹಲವು ಬಣ್ಣ ಒಂದೇ ತಗಡಿನಿಂದ ಒಂದೇ ಸಲಕ್ಕೆ ಬರುತ್ತವೆ. ಇದು ಯಾವ ಸಿಲೆಬಸ್‌ನಿಂದಲೂ ಹುಟ್ಟಿದ್ದಲ್ಲ. ಹತ್ತಾರು ಜನ ಒಂದೇ ಪ್ರೆಸ್ ಸುತ್ತ ನಿಂತು, ಒಬ್ಬರ ತಗಡನ್ನು ಇನ್ನೊಬ್ಬರು ನೋಡುತ್ತಾ ಕೆಲಸ ಮಾಡಿದ್ದರಿಂದ ಹುಟ್ಟಿದ್ದು.

ಕಾಲೇಜಿನಿಂದ ಸಿಗುವ ಎರಡನೇ ಲಾಭವೂ ಅದೇ, ಜೊತೆಗಿರುವ ಜನ. 1950, 60ರ ದಶಕದ ಬ್ರಿಟನ್ನಿನ ರಾಕ್ ಸಂಗೀತಗಾರರನ್ನು ನೋಡಿ. ಜಾನ್ ಲೆನನ್ ಲಿವರ್‌ಪೂಲಿನ ಆರ್ಟ್ ಕಾಲೇಜಿನಲ್ಲಿದ್ದವರು, ಕೀತ್ ರಿಚರ್ಡ್ಸ್ ಸಿಡ್‌ಕಪ್‌ನಲ್ಲಿ, ಪೀಟ್ ಟೌನ್ಸೆಂಡ್ ಈಲಿಂಗ್‌ನಲ್ಲಿ. ಕಲೆಯನ್ನು ಒಡೆದು ಹಾಕುವುದೇ ಕಲೆ ಅಂತ ನಂಬಿದ್ದ ಗುಸ್ತಾವ್ ಮೆಟ್ಸ್‌ಗರ್ ಈಲಿಂಗ್‌ನಲ್ಲಿ ಉಪನ್ಯಾಸ ಕೊಟ್ಟಿದ್ದರು. ಆಮೇಲೆ ಟೌನ್ಸೆಂಡ್ ಸ್ಟೇಜಿನ ಮೇಲೆ ಗಿಟಾರ್ ಒಡೆದದ್ದಕ್ಕೆ ಅದರ ಪ್ರಭಾವವೂ ಇತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಇವರಲ್ಲಿ ಯಾರೂ ದೊಡ್ಡ ಚಿತ್ರಕಾರರಾಗಲಿಲ್ಲ, ಆ ಕಾಲೇಜುಗಳ ಮಟ್ಟಿಗೆ ಅದು ಸೋಲೂ ಅಲ್ಲ. ಕೈಯಲ್ಲಿ ಸ್ವಲ್ಪ ಸಮಯ, ಫೀಸಿನ ತಲೆಬಿಸಿ ಕಮ್ಮಿ, ಪಕ್ಕದ ಬೆಂಚಿನಲ್ಲಿ ಹೊಸ ರೆಕಾರ್ಡ್ ತಂದು ಕೇಳಿಸುವ ಗೆಳೆಯ. ಹತ್ತೊಂಬತ್ತನೇ ವಯಸ್ಸಿಗೆ ಇದು ತುಂಬಾ ದೊಡ್ಡ ವಿಷಯ.

ಇನ್ನು ಕಾಲೇಜಿನಲ್ಲಿ ನನಗೆ ಒಪ್ಪಿಗೆ ಇಲ್ಲದ ವಿಷಯಕ್ಕೆ ಬರುತ್ತೇನೆ. ನಿಮ್ಮ ಮೇಷ್ಟ್ರ ಮಾತಿಗೂ ಇದಕ್ಕೂ ಸಂಬಂಧ ಇದೆ. ಬಹುತೇಕ ಕಡೆ ಪ್ರಿಂಟನ್ನು ಪೇಂಟಿಂಗ್‌ನ ತಮ್ಮನ ಹಾಗೆ ಕಲಿಸುತ್ತಾರೆ. ಪೇಂಟಿಂಗ್‌ಗೆ ಇರುವ ಮರ್ಯಾದೆ ಇದಕ್ಕೂ ಬರಲಿ ಅಂತ ಕೆಳಗೆ ಪೆನ್ಸಿಲ್‌ನಲ್ಲಿ 3/15 (ಹದಿನೈದರಲ್ಲಿ ಮೂರನೆಯದು) ಅಂತ ಬರೆಸುತ್ತಾರೆ, ಸಹಿ ಮಾಡಿಸುತ್ತಾರೆ, ಹದಿನೈದರ ಮೇಲೆ ತೆಗೆಯಬೇಡ ಅನ್ನುತ್ತಾರೆ. ಡ್ರೈಪಾಯಿಂಟ್‌ನಲ್ಲಿ ಇದಕ್ಕೆ ಕಾರಣ ಇದೆ. ಸೂಜಿಯಿಂದ ತಾಮ್ರವನ್ನು ಗೀರಿದಾಗ ಅಂಚಿನಲ್ಲಿ ಏಳುವ ಒರಟು ಲೋಹವೇ ಆ ಮೆತ್ತಗಿನ ಕಪ್ಪನ್ನು ಕೊಡೋದು, ಪ್ರೆಸ್‌ನಡಿ ಅದು ಬೇಗ ಸವೆದುಹೋಗುತ್ತೆ. ಆದರೆ ಲಿನೋದಿಂದ ನೂರಾರು ಪ್ರಿಂಟ್ ತೆಗೆಯಬಹುದು. ಒಳ್ಳೆಯ ಸ್ಕ್ರೀನಿನಿಂದ ಸಾವಿರ ತೆಗೆಯಬಹುದು. ಅಲ್ಲಿ ಹದಿನೈದಕ್ಕೆ ನಿಲ್ಲಿಸೋದು ಬೆಲೆ ಏರಿಸೋಕೆ ಅಷ್ಟೇ. ಮಾರಾಟಕ್ಕೆ ಅದು ಬೇಕಾಗಬಹುದು, ನಾನೂ ಮಾಡುತ್ತೇನೆ. ಅದನ್ನೇ ಈ ಕಲೆಯ ನಿಯಮ ಅಂತ ಕಲಿಸಬಾರದು.

ಪೇಂಟಿಂಗ್ ಒಂದೇ ಇರುತ್ತೆ. ಪ್ರಿಂಟ್ ಹುಟ್ಟಿದ್ದೇ ಹಲವಾಗಿ ಹಂಚಿಹೋಗೋಕೆ. ಸಿನಿಮಾ ಕೂಡ ಹಾಗೇ, ರೆಕಾರ್ಡ್ ಕೂಡ ಹಾಗೇ. ಬೆಂಗಳೂರಿನಲ್ಲಿ ನೋಡಿದ್ದು ಅಸಲಿ ಸಿನಿಮಾ, ದಾವಣಗೆರೆಯಲ್ಲಿ ನೋಡಿದ್ದು ನಕಲಿ ಅಂತ ಯಾರಾದರೂ ಹೇಳುತ್ತಾರಾ? ಎರಡೂ ಪೂರ್ತಿ ಸಿನಿಮಾನೇ ಅಲ್ವಾ? ಗುಂಪಿನ ಮುಂದೆ ಹೋಗಬೇಕಾದ, ಕಮ್ಮಿ ದುಡ್ಡಿಗೆ ಸಿಗಬೇಕಾದ, ಎಲ್ಲ ಪ್ರತಿಯೂ ಅಸಲಿಯೇ ಆದ ಕಲೆಗಳು ಇವು ಮೂರೂ. ಅದಕ್ಕೇ ನಾನು ಪ್ರಿಂಟ್ ಬಗ್ಗೆ ಮಾತಾಡುವಾಗ ಸಿನಿಮಾ, ಗ್ಯಾರೇಜ್ ರಾಕ್ ಹತ್ತಿರ ಹೋಗೋದು. ಪೇಂಟಿಂಗ್‌ಗಿಂತ ಇವೇ ನಮಗೆ ಹತ್ತಿರದ ನೆಂಟರು.

1968ರ ಮೇ ತಿಂಗಳ ವಿದ್ಯಾರ್ಥಿ, ಕಾರ್ಮಿಕರ ಪ್ರತಿಭಟನೆಯ ಹೊತ್ತಲ್ಲಿ ಪ್ಯಾರಿಸ್ಸಿನ ಇಕೋಲ್ ದೆ ಬೋಜಾರ್, ಅಂದರೆ ಆ ದೇಶದ ಅತಿ ದೊಡ್ಡ ಆರ್ಟ್ ಸ್ಕೂಲನ್ನು ವಿದ್ಯಾರ್ಥಿಗಳು ಆಕ್ರಮಿಸಿಕೊಂಡು ಪೋಸ್ಟರ್ ಕಾರ್ಖಾನೆ ಮಾಡಿಬಿಟ್ಟರು. ಮೊದಲು ಲಿಥೋದಲ್ಲಿ ಶುರು ಮಾಡಿದರು. ಮುಷ್ಕರ ನಡೆಯುತ್ತಿರುವ ಊರಿಗೆ ಅದರ ವೇಗ ಸಾಲಲಿಲ್ಲ, ಸ್ಕ್ರೀನ್‌ಗೆ ಹೊರಳಿದರು. ಒಂದೇ ಬಣ್ಣ, ದಪ್ಪ ಅಕ್ಷರ, ಸಿಕ್ಕ ಪೇಪರ್. ಯಾವ ಡಿಸೈನ್ ಹೋಗಬೇಕು ಅಂತ ದಿನವೂ ಸಭೆ ಕೂತು ತೀರ್ಮಾನ ಮಾಡುತ್ತಿದ್ದರು, ಯಾರೂ ಸಹಿ ಹಾಕಲಿಲ್ಲ. ಅದೇ ಹೊತ್ತಿಗೆ ಅದೇ ಊರಿನಲ್ಲಿದ್ದ ಕೃಷ್ಣಾ ರೆಡ್ಡಿ ಆ ಪ್ರತಿಭಟನೆಯ ಜನರನ್ನೇ ತಮ್ಮ ವಿಸ್ಕಾಸಿಟಿ ಪ್ರಿಂಟ್‌ನಲ್ಲಿ ತಂದರು. ಒಂದು ಕೆಲಸ ತಿಂಗಳುಗಟ್ಟಲೆ ಹಿಡಿಯುವಂಥದ್ದು, ಇನ್ನೊಂದು ಒಂದು ರಾತ್ರಿಯದ್ದು. ಎರಡೂ ನನಗೆ ಬೇಕು.

ಈಗ ಸಿನಿಮಾಗೆ ಬರೋಣ. ಸತ್ಯಜಿತ್ ರಾಯ್ ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ್ ಬೋಸ್, ಬಿನೋದ್ ಬಿಹಾರಿ ಮುಖರ್ಜಿಯವರ ಶಿಷ್ಯರು. ಈ ನಂದಲಾಲರೇ 1930ರಲ್ಲಿ ಕೋಲು ಹಿಡಿದು ನಡೆಯುವ ಗಾಂಧೀಜಿಯನ್ನು ಲಿನೋದಲ್ಲಿ ಕೆತ್ತಿದವರು. ಆ ಚಿತ್ರ ನೀವು ಎಲ್ಲಾದರೂ ನೋಡೇ ಇರುತ್ತೀರಿ. ರಾಯ್ 1942ರಲ್ಲಿ ಕೋರ್ಸ್ ಮುಗಿಸದೆಯೇ ಕಲ್ಕತ್ತೆಗೆ ವಾಪಸ್ಸಾಗಿ ಜಾಹೀರಾತು ಕಂಪನಿ ಸೇರಿದರು, ಜೊತೆಗೆ ಪುಸ್ತಕಗಳಿಗೆ ಮುಖಪುಟ, ಚಿತ್ರ ಮಾಡಿದರು. ‘ಪಥೇರ್ ಪಾಂಚಾಲಿ’ಯ ಮಕ್ಕಳ ಆವೃತ್ತಿಗೆ ಅವರು ಮಾಡಿದ ಚಿತ್ರಗಳು ಥೇಟ್ ಮರದಚ್ಚಿನಂತಿವೆ, ಕಪ್ಪು ಮತ್ತು ಬಿಳುಪು ಬಿಟ್ಟು ನಡುವೆ ಏನೂ ಇಲ್ಲ. ಆ ಚಿತ್ರ ಮಾಡುವಾಗಲೇ ಇದನ್ನು ಸಿನಿಮಾ ಮಾಡಬಹುದು ಅನ್ನಿಸಿದ್ದು. 1955ರಲ್ಲಿ ಸಿನಿಮಾ ಬಂತು. ತಮ್ಮ ಸಿನಿಮಾಗಳ ಪೋಸ್ಟರನ್ನೂ ಅವರೇ ಮಾಡುತ್ತಿದ್ದರು. ಇದನ್ನು ಓದಿ ನೀವೂ ಕೋರ್ಸ್ ಬಿಡಿ ಅಂತ ನಾನು ಹೇಳುತ್ತಿಲ್ಲ. ಕಲಾಶಾಲೆ, ಅಚ್ಚು, ಜಾಹೀರಾತು, ಸಿನಿಮಾ ನಡುವೆ ಗೋಡೆ ಇಲ್ಲ ಅಂತ ಮಾತ್ರ ಹೇಳುತ್ತಿದ್ದೇನೆ. ನಮ್ಮಲ್ಲೂ 1970ರ ‘ಸಂಸ್ಕಾರ’ಕ್ಕೆ ಕಲಾ ನಿರ್ದೇಶನ ಮಾಡಿದ್ದು ಮದರಾಸಿನ ಆರ್ಟ್ ಕಾಲೇಜಿನಲ್ಲಿ ಕಲಿತ ಚಿತ್ರಕಾರ ಎಸ್.ಜಿ. ವಾಸುದೇವ್.

ಸಿನಿಮಾ ನೋಡೋದರಿಂದ ಲಿನೋ ಕೆತ್ತುವ ಕೈಗೆ ಏನು ಸಿಗುತ್ತೆ ಅಂತ ಕೇಳಬಹುದು. 1959ರ ‘ಕಾಗಜ್ ಕೆ ಫೂಲ್’ ಹಾಕಿ ನೋಡಿ. ಕ್ಯಾಮೆರಾ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರದು. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಓದಿದವರು. ಖಾಲಿ ಸ್ಟುಡಿಯೋದ ಕತ್ತಲಲ್ಲಿ ಮೇಲಿನಿಂದ ಒಂದೇ ಒಂದು ಬೆಳಕಿನ ಕೋಲು ಇಳಿಯುವ ದೃಶ್ಯ ಇದೆಯಲ್ಲ, ಅದಕ್ಕೆ ಅವರು ದೊಡ್ಡ ಕನ್ನಡಿಗಳನ್ನು ಇಟ್ಟು ಹೊರಗಿನ ಬಿಸಿಲನ್ನೇ ಒಳಕ್ಕೆ ತಿರುಗಿಸಿದರು. ಅಲ್ಲಿ ವಿಡಿಯೋ ನಿಲ್ಲಿಸಿ. ಪೋಸ್ಟ್‌ಕಾರ್ಡ್ ಅಳತೆಯ ಪೇಪರ್ ತಗೊಂಡು ದಪ್ಪ ಕಪ್ಪು ಮಾರ್ಕರ್‌ನಿಂದ ಅದನ್ನು ಬರೆಯಿರಿ. ಪೆನ್ಸಿಲ್ ಬೇಡ, ಶೇಡಿಂಗ್ ಬೇಡ, ಬೂದು ಬಣ್ಣವೇ ಬೇಡ. ಆಗ ನೀವು ಒಂದೊಂದು ಜಾಗಕ್ಕೂ ತೀರ್ಮಾನ ಮಾಡಲೇಬೇಕು: ಇದು ಕಪ್ಪಾ, ಬಿಳುಪಾ? ಮನುಷ್ಯನ ಕೋಟಿನ ಕಪ್ಪು ಹಿಂದಿನ ಗೋಡೆಯ ಕಪ್ಪಿಗೆ ಸೇರಿಹೋಗುತ್ತೆ. ಅಲ್ಲಿ ಗೆರೆ ಎಳೆದು ಬೇರೆ ಮಾಡೋಕೆ ಹೋಗಬೇಡಿ, ಸೇರಿಹೋಗಲಿ ಬಿಡಿ. ಭುಜದ ಮೇಲಿನ ಒಂದು ಬಿಳಿ ಚೂರು ಉಳಿದರೆ ಸಾಕು, ನೋಡುವವರ ಕಣ್ಣು ಉಳಿದ ಮನುಷ್ಯನನ್ನು ತಾನೇ ಪೂರ್ತಿ ಮಾಡಿಕೊಳ್ಳುತ್ತೆ. ಹೊಸಬರ ಲಿನೋ ನೋಡಿದಾಗ ನನಗೆ ಜಾಸ್ತಿ ಕಾಣೋದು ಇದೇ ಕೊರತೆ. ಪೆನ್ಸಿಲ್ ಡ್ರಾಯಿಂಗಿನ ಗೆರೆಯನ್ನೆಲ್ಲ ಹಾಗೇ ಇಳಿಸಿ, ಗೆರೆ ಸುತ್ತ ಕೆತ್ತಿ ಕೆತ್ತಿ ಸುಸ್ತಾಗಿರುತ್ತಾರೆ. ಲಿನೋ ತುಂಡು ಕಪ್ಪು ಕೋಣೆ, ನಿಮ್ಮ ಕಟ್ಟರ್ ಬೆಳಕು. ಬೆಳಕು ಬೀಳುವ ಕಡೆ ಮಾತ್ರ ಕೆತ್ತಿ.

ಇದು ಎರಡೂ ಕಡೆಗೆ ಹರಿದ ಸಂಬಂಧ. 1905ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ನಾಲ್ಕು ಜನ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಬ್ರೂಕ ಅನ್ನುವ ಗುಂಪು ಕಟ್ಟಿ, ಒರಟು ಮರದಚ್ಚುಗಳನ್ನು ಮಾಡಿದರು. ಕತ್ತಿ ಎಳೆದ ಗುರುತು ಹಾಗೇ ಕಾಣುವಂಥವು. 1920ರಲ್ಲಿ ಬಂದ ‘ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ ಅನ್ನುವ ಜರ್ಮನ್ ಸಿನಿಮಾದಲ್ಲಿ ನೆರಳನ್ನು ಲೈಟಿನಿಂದ ಮಾಡೋ ಬದಲು ಸೆಟ್ಟಿನ ಮೇಲೆ ಬಣ್ಣದಲ್ಲೇ ಬರೆದಿದ್ದಾರೆ. ಆ ಚೂಪು ಮೂಲೆಗಳನ್ನು ನೋಡಿದರೆ ಮರದಚ್ಚಿನೊಳಗೆ ಜನ ಓಡಾಡುತ್ತಿರುವಂತೆ ಅನ್ನಿಸುತ್ತೆ.

‘ಕಮರ್ಷಿಯಲ್’ ಅನ್ನುವ ಮಾತಿಗೆ ಕ್ಯೂಬಾ ಉತ್ತರ ಕೊಡುತ್ತೆ. 1959ರ ಕ್ರಾಂತಿಯಾದ ಕೆಲವೇ ತಿಂಗಳಲ್ಲಿ ಅಲ್ಲಿ ಐಕೇಕ್ ಅನ್ನುವ ಸಿನಿಮಾ ಸಂಸ್ಥೆ ಶುರುವಾಯಿತು. ಅಲ್ಲಿ ತೋರಿಸುವ ಸಿನಿಮಾಗಳಿಗೆ, ಸ್ವದೇಶಿಯಾಗಲಿ, ಜಪಾನಿನದಾಗಲಿ, ತಾವೇ ಹೊಸ ಪೋಸ್ಟರ್ ಮಾಡುತ್ತಿದ್ದರು. ಅಗಲ 51, ಎತ್ತರ 76 ಸೆಂಟಿಮೀಟರ್. ಸ್ಟೆನ್ಸಿಲ್ಲನ್ನು ಕೈಯಲ್ಲೇ ಕತ್ತರಿಸಿ, ಸ್ಕ್ರೀನಿನಲ್ಲಿ ಒಂದೊಂದೇ ಬಣ್ಣ. ಹೀರೋ ಮುಖ ದೊಡ್ಡದಾಗಿ ಹಾಕಲೇಬೇಕು ಅನ್ನುವ ಒತ್ತಾಯ ಇರಲಿಲ್ಲ. ಮುನ್ಯೋಸ್ ಬಾಕ್ಸ್, ರೆಬೊಯ್ರೋ, ಅಸ್ಕುಯ್ ಅಂಥವರ ಪೋಸ್ಟರ್ ನೋಡಿದರೆ, ಕಲೆ ಮತ್ತು ಜಾಹೀರಾತು ನಡುವೆ ಗೆರೆ ಎಲ್ಲಿ ಎಳೆಯಬೇಕು ಅಂತ ನಿಮ್ಮ ಮೇಷ್ಟ್ರಿಗೂ ತೋಚಲಿಕ್ಕಿಲ್ಲ. ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸುವುದು ಗ್ಯಾಲರಿಯ ಗೋಡೆ ತುಂಬಿಸುವುದಕ್ಕಿಂತ ಕಷ್ಟ. ಬೀದಿಯವರಿಗೆ ನಮ್ಮ ಹೆಸರು ಗೊತ್ತಿಲ್ಲ, ಗೊತ್ತಾಗಬೇಕು ಅಂತಲೂ ಇಲ್ಲ.

ಇನ್ನು ಗ್ಯಾರೇಜ್ ರಾಕ್. 1960ರ ದಶಕದ ಅಮೆರಿಕದಲ್ಲಿ ಹೈಸ್ಕೂಲ್ ಹುಡುಗರು ಮನೆಯ ಕಾರ್ ಶೆಡ್‌ನಲ್ಲಿ ಗಿಟಾರಿನ ಮೂರೇ ಸ್ವರಗುಚ್ಛ ಹಿಡಿದು ಜೋರಾಗಿ ಬಾರಿಸುತ್ತಿದ್ದ ಸಂಗೀತ ಇದು. ಊರಿನ ಸಣ್ಣ ಸ್ಟುಡಿಯೋದಲ್ಲಿ ಒಂದು ಸಿಂಗಲ್ ರೆಕಾರ್ಡ್ ಮಾಡಿಸಿ, ಶಾಲೆಯ ಡ್ಯಾನ್ಸ್‌ನಲ್ಲಿ ಮಾರುತ್ತಿದ್ದರು. 1963ರಲ್ಲಿ ಪೋರ್ಟ್‌ಲೆಂಡಿನ ಕಿಂಗ್ಸ್‌ಮೆನ್ ಬ್ಯಾಂಡ್ ‘ಲೂಯಿ ಲೂಯಿ’ ರೆಕಾರ್ಡ್ ಮಾಡಿದಾಗ ಮೈಕು ಮೇಲೆ ತೂಗುಬಿದ್ದಿತ್ತು, ಹಾಡುಗಾರ ಕತ್ತೆತ್ತಿ ಕೂಗಬೇಕಾಯಿತು. ಗಿಟಾರ್ ಸೋಲೋ ಮುಗಿದ ಮೇಲೆ ಅವನು ಸರಿಯಾದ ಜಾಗಕ್ಕಿಂತ ಮುಂಚೆ ಶುರು ಮಾಡಿ, ತಕ್ಷಣ ನಿಲ್ಲಿಸುತ್ತಾನೆ, ಡ್ರಮ್ಮರ್ ಆ ಖಾಲಿಯನ್ನು ತುಂಬಿಕೊಂಡು ಹೋಗುತ್ತಾನೆ. ರೆಕಾರ್ಡ್‌ನಲ್ಲಿ ಅದು ಹಾಗೇ ಇದೆ. ಪದಗಳು ಎಷ್ಟು ಅಸ್ಪಷ್ಟ ಅಂದರೆ, ಅದರಲ್ಲಿ ಅಶ್ಲೀಲ ಇದೆಯಾ ಅಂತ ಎಫ್‌ಬಿಐ ತನಿಖೆ ಮಾಡಿ, ಏನು ಹಾಡಿದ್ದಾರೆ ಅಂತಲೇ ತಿಳಿಯೋದಿಲ್ಲ ಅಂತ ಕೈಬಿಟ್ಟಿತು. ಆದರೂ ಆ ಹಾಡು ಕೇಳಿದರೆ ಇವತ್ತಿಗೂ ಕಾಲು ತಾನಾಗಿ ಕುಣಿಯುತ್ತೆ.

ತಪ್ಪಿದ್ದರೆ ಚೆಂದ ಅಂತ ಇದರಿಂದ ಕಲಿಯಬೇಡಿ. ಸೋಮಾರಿತನಕ್ಕೂ ಒರಟುತನಕ್ಕೂ ವ್ಯತ್ಯಾಸ ಇದೆ. ಕಿಂಗ್ಸ್‌ಮೆನ್‌ನವರ ತಾಳ ಗಟ್ಟಿ ಇದೆ, ಅದಕ್ಕೇ ಆ ಒಂದು ಎಡವಟ್ಟು ಹಾಡನ್ನು ಬೀಳಿಸಲಿಲ್ಲ. ಪ್ರಿಂಟ್‌ನಲ್ಲೂ ಅಷ್ಟೇ, ಕಪ್ಪು-ಬಿಳುಪಿನ ಜೋಡಣೆ ಗಟ್ಟಿ ಇದ್ದರೆ ಬಣ್ಣ ಒಂದು ಮಿಲಿಮೀಟರ್ ಜರುಗಿದರೂ ಚಿತ್ರ ನಿಲ್ಲುತ್ತೆ. ಜೋಡಣೆಯೇ ಸಡಿಲ ಇದ್ದರೆ ರಿಜಿಸ್ಟ್ರೇಷನ್ (ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವುದು) ಎಷ್ಟು ಕರೆಕ್ಟಾಗಿದ್ದರೂ ಪ್ರಯೋಜನ ಇಲ್ಲ. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ಬ್ಯಾಂಡಿನ ಡೇವ್ ಡೇವಿಸ್ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ, ಹರಿದ ಸದ್ದು ಬರುವಂತೆ ಮಾಡಿದ. ಅಮೆರಿಕದ ಗ್ಯಾರೇಜ್ ಬ್ಯಾಂಡುಗಳು ಅದರ ಬೆನ್ನು ಬಿದ್ದವು. ಅದು ಬೇಕಂತಲೇ ಮಾಡಿದ್ದು. ಅವನ ಅಣ್ಣ, ಹಾಡು ಬರೆಯುತ್ತಿದ್ದ ರೇ ಡೇವಿಸ್, ಲಂಡನ್ನಿನ ಹಾರ್ನ್ಸಿ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದವನು, ಸಿನಿಮಾ ಹುಚ್ಚು ಇದ್ದವನು. ಮೂರೂ ಒಂದೇ ಮನೆಯಲ್ಲಿ ಸಿಕ್ಕಿಬಿಟ್ಟವು ನೋಡಿ.

ಇದು ನಮ್ಮ ದೇಶದ್ದಲ್ಲ ಅನ್ನುವವರಿಗೆ ಒಂದು ಮಾತು. ಇಂಪೀರಿಯಲ್ ಟೊಬ್ಯಾಕೋ ಕಂಪನಿ ತನ್ನ ಸಿಮ್ಲಾ ಸಿಗರೇಟಿನ ಹೆಸರಲ್ಲಿ ಸಿಮ್ಲಾ ಬೀಟ್ ಅನ್ನುವ ಸ್ಪರ್ಧೆ ನಡೆಸಿ, 1970 ಮತ್ತು 71ರ ಬ್ಯಾಂಡುಗಳ ಹಾಡನ್ನು ಎಲ್‌ಪಿ ಮಾಡಿತ್ತು. ಮದರಾಸು, ಶಿಲ್ಲಾಂಗ್ ಹುಡುಗರೆಲ್ಲ ಅದರಲ್ಲಿ ಇದ್ದಾರೆ. ಸಿಕ್ಕ ಸಾಮಾನಿನಲ್ಲಿ, ಸಿಕ್ಕ ಸಮಯದಲ್ಲಿ ಮಾಡಿದ ಸಂಗೀತ. ಹುಡುಕಿ ಕೇಳಿ.

ರಾಕ್ ಪೋಸ್ಟರ್ ಮತ್ತು ಆರ್ಟ್ ಸ್ಕೂಲ್ ನಡುವಿನ ಜಗಳ ತುಂಬಾ ಚೆನ್ನಾಗಿ ಕಾಣೋದು ಅಮೆರಿಕದ ಪೋಸ್ಟರ್ ಕಲಾವಿದ ವಿಕ್ಟರ್ ಮೊಸ್ಕೋಸೋ ಕೆಲಸದಲ್ಲಿ. ಅವರು ಯೇಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಆಲ್ಬರ್ಸ್ ಹತ್ತಿರ ಬಣ್ಣ ಕಲಿತವರು. ಆಲ್ಬರ್ಸ್ ಅಂದರೆ ಬಣ್ಣದ ಪಾಠಕ್ಕೆ ದೊಡ್ಡ ಹೆಸರು, ಅವರ ಪಾಠದ ಪುಸ್ತಕ 1963ರಲ್ಲಿ ಬಂದಾಗ ಅದರ 150 ಬಣ್ಣದ ಹಾಳೆಗಳನ್ನು ಸ್ಕ್ರೀನಿನಲ್ಲೇ ಪ್ರಿಂಟ್ ಮಾಡಿದ್ದರು. ಮೊಸ್ಕೋಸೋ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು 1966ರಲ್ಲಿ ರಾಕ್ ಪೋಸ್ಟರ್ ಶುರು ಮಾಡಿದಾಗ ಶಾಲೆಯಲ್ಲಿ ಬೇಡ ಅಂದಿದ್ದನ್ನೆಲ್ಲ ಬೇಕಂತಲೇ ಮಾಡಿದರು. ಅಕ್ಷರ ಸುಲಭವಾಗಿ ಓದಿಸಿಕೊಳ್ಳಬೇಕು ಅಂತ ಕಲಿಸಿದ್ದರು, ಇವರು ನಿಂತು ಬಿಡಿಸಿಕೊಳ್ಳಬೇಕಾದ ಅಕ್ಷರ ಬರೆದರು. ಕಣ್ಣಿಗೆ ಚುಚ್ಚುವ ಬಣ್ಣ ಅಕ್ಕಪಕ್ಕ ಇಡಬೇಡ ಅಂದಿದ್ದರು, ಇವರು ಒಂದೇ ತೀವ್ರತೆಯ ಕೆಂಪು-ಹಸಿರು, ಕಿತ್ತಳೆ-ನೀಲಿ ಇಟ್ಟು ಅಂಚು ನಡುಗುವಂತೆ ಮಾಡಿದರು. ಅವು ಸ್ಕ್ರೀನ್ ಅಲ್ಲ, ಆಫ್‌ಸೆಟ್ ಯಂತ್ರದ ಪ್ರಿಂಟ್‌ಗಳು, ಬಣ್ಣ ಬೇರ್ಪಡಿಸಿದ್ದು ಮಾತ್ರ ಕೈಯಲ್ಲಿ. ಪಾಠ ಕಲಿಯದೇ ಇದ್ದಿದ್ದರೆ ಅದನ್ನು ಅಷ್ಟು ನಿಖರವಾಗಿ ತಲೆಕೆಳಗು ಮಾಡೋಕೆ ಆಗುತ್ತಿತ್ತಾ? ನಿಮ್ಮ ಕಲರ್ ಥಿಯರಿ ಕ್ಲಾಸ್ ಬೋರ್ ಹೊಡೆದಾಗ ಇದನ್ನು ನೆನಪಿಟ್ಟುಕೊಳ್ಳಿ.

ಕೆಲವು ಕಡೆ ಶಾಲೆಯೇ ಬೀದಿಯಿಂದ ಕಲಿತಿದೆ. ಬಾಲ್ಟಿಮೋರಿನಲ್ಲಿ 1929ರಿಂದ ಗ್ಲೋಬ್ ಅನ್ನುವ ಪೋಸ್ಟರ್ ಪ್ರೆಸ್ ಇತ್ತು. ಸೋಲ್ ಸಂಗೀತದ ಶೋಗಳಿಗೆ ಮರದ ಅಕ್ಷರ, ಮಿಂಚುವ ಬಣ್ಣದ ಪೋಸ್ಟರ್ ಮಾಡುತ್ತಿದ್ದವರು. ಆ ಪ್ರೆಸ್ ಮುಚ್ಚುವ ಹೊತ್ತಿಗೆ ಅಲ್ಲಿನ ಆರ್ಟ್ ಕಾಲೇಜಾದ ಮೈಕಾ ಅದರ ಅಕ್ಷರ, ಬ್ಲಾಕುಗಳನ್ನು 2011ರಲ್ಲಿ ತನ್ನಲ್ಲಿಗೆ ತಂದುಕೊಂಡಿತು, ಈಗ ವಿದ್ಯಾರ್ಥಿಗಳು ಅದರಲ್ಲೇ ಪ್ರಿಂಟ್ ತೆಗೆಯುತ್ತಾರೆ. ನಮ್ಮಲ್ಲಿ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಅಂಟಿಸುವ ಪೋಸ್ಟರ್‌ಗಳ ಪರಂಪರೆ ಇದೆ. ತೆಳು ಬಣ್ಣದ ಕಾಗದದ ಮೇಲೆ ದೊಡ್ಡ ದೊಡ್ಡ ಕನ್ನಡ ಅಕ್ಷರ, ಒಂದೋ ಎರಡೋ ಬಣ್ಣ. ಅದನ್ನು ಪ್ರಿಂಟ್ ಮಾಡಿದ ಮರದ ಅಕ್ಷರಗಳನ್ನು ನಮ್ಮ ಕಲಾಕಾಲೇಜುಗಳು ಗುಜರಿಗೆ ಹೋಗುವ ಮುಂಚೆ ತಂದಿಟ್ಟುಕೊಳ್ಳಬೇಕು ಅಂತ ನನಗೆ ತುಂಬಾ ಆಸೆ. ಅಕ್ಷರವನ್ನು ಕೈಯಲ್ಲಿ ಹಿಡಿದು ಜೋಡಿಸಿದವರಿಗೆ ಖಾಲಿ ಜಾಗದ ಬೆಲೆ ಬೇಗ ಗೊತ್ತಾಗುತ್ತೆ.

ಕಾಲೇಜು ಶುರುವಾಗುವ ತನಕ ಸುಮ್ನೆ ಕೂರಬೇಡಿ, ಎರಡು ಬಣ್ಣದ ಒಂದು ಪೋಸ್ಟರ್ ಮಾಡಿ. ಗೆಳೆಯರ ಬ್ಯಾಂಡ್ ಇದ್ದರೆ ಅದಕ್ಕೆ, ಇಲ್ಲದಿದ್ದರೆ ಯಾರದಾದರೂ ಮನೆಯ ಹಾಲ್‌ನಲ್ಲಿ ಒಂದು ಹಳೆ ಸಿನಿಮಾ ತೋರಿಸಿ, ಅದಕ್ಕೆ. ನಿಮ್ಮೂರಲ್ಲಿ ಲಗ್ನಪತ್ರಿಕೆ ಸ್ಕ್ರೀನ್ ಪ್ರಿಂಟ್ ಮಾಡುವವರು ಇದ್ದೇ ಇರುತ್ತಾರೆ. ಅವರ ಹತ್ತಿರ ಎ3 ಅಳತೆಗೆ ಆಗುವ ಫ್ರೇಮಿಗೆ ಮೆಶ್ (ಜಾಲರಿ ಬಟ್ಟೆ) ಎಳೆಸಿಕೊಳ್ಳಿ, ಪೇಪರ್‌ಗೆ ಸೆಂಟಿಮೀಟರಿಗೆ 90 ಎಳೆಯ ಆಸುಪಾಸಿನ ಮೆಶ್ ಸಾಕು. ಎಕ್ಸ್‌ಪೋಸ್ (ಬೆಳಕಿನಿಂದ ಚಿತ್ರವನ್ನು ಮೆಶ್‌ಗೆ ಇಳಿಸೋದು) ಕೂಡ ಅವರೇ ಮಾಡಿಕೊಡುತ್ತಾರೆ. ಅಲ್ಲಿ ಒಂದು ವಾರ ನಿಂತು ನೋಡಿದರೆ ಇನ್ನೂ ಒಳ್ಳೇದು. ದಿನಕ್ಕೆ ಸಾವಿರ ಕಾರ್ಡ್ ತೆಗೆಯುವವರ ಕೈ ನೋಡಿದರೆ ಸ್ಕ್ವೀಜಿ (ಇಂಕ್ ಎಳೆಯುವ ರಬ್ಬರ್ ಪಟ್ಟಿ) ಹೇಗೆ ಹಿಡಿಯಬೇಕು ಅಂತ ಯಾವ ವಿಡಿಯೋನೂ ಬೇಕಾಗೋದಿಲ್ಲ.

ಬಣ್ಣಕ್ಕೊಂದರಂತೆ ಎರಡು ಟ್ರೇಸಿಂಗ್ ಹಾಳೆಯಲ್ಲಿ ಗಟ್ಟಿ ಕಪ್ಪಿನಲ್ಲಿ ಬರೆಯಿರಿ. ಒಂದು ಹಳದಿಗೆ, ಒಂದು ನೀಲಿಗೆ ಅಂತ ಇಟ್ಟುಕೊಳ್ಳಿ. ಎರಡೂ ಸೇರುವ ಕಡೆ ಅಂಚಿಗೆ ಅಂಚು ಮುಟ್ಟಿಸಬೇಡಿ, ಒಂದು ಮಿಲಿಮೀಟರ್ ಒಂದರ ಮೇಲೊಂದು ಬರಲಿ, ಇಲ್ಲದಿದ್ದರೆ ನಡುವೆ ಬಿಳಿ ಗೆರೆ ಇಣುಕುತ್ತೆ. ನೀಲಿಗೆ ಟ್ರಾನ್ಸ್‌ಪರೆಂಟ್ ಬೇಸ್ (ಇಂಕನ್ನು ಪಾರದರ್ಶಕ ಮಾಡುವ ಬೆರಕೆ) ಬೆರೆಸಿ. ಮೊದಲು ಹಳದಿ ಎಳೆಯಿರಿ, ಒಣಗಲಿ, ಮೇಲೆ ನೀಲಿ. ಎರಡೂ ಬಿದ್ದ ಕಡೆ ಹಸಿರು ಬರುತ್ತೆ. ಎರಡು ಇಂಕ್ ಖರ್ಚಿಗೆ ಮೂರು ಬಣ್ಣ ಸಿಕ್ಕಿತು, ಪೇಪರಿನ ಬಿಳಿ ಸೇರಿ ನಾಲ್ಕು. ಫ್ರೇಮಿನ ಮೂಲೆಗೆ ದಪ್ಪ ರಟ್ಟಿನ ಚೂರು ಕೊಟ್ಟು ಮೆಶ್ ಪೇಪರಿನಿಂದ ಎರಡು ಮೂರು ಮಿಲಿಮೀಟರ್ ಮೇಲಿರುವಂತೆ ನೋಡಿಕೊಳ್ಳಿ. ಸ್ಕ್ವೀಜಿ ಹೋದ ತಕ್ಷಣ ಮೆಶ್ ತಾನಾಗಿ ಪೇಪರ್ ಬಿಟ್ಟು ಮೇಲೇಳಬೇಕು. ಅಂಟಿಕೊಂಡೇ ಇದ್ದರೆ ಅಂಚು ಹರಡುತ್ತೆ. ಪೇಪರ್ ಕೂರುವ ಜಾಗಕ್ಕೆ ಟೇಬಲ್ ಮೇಲೆ ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದು ರಟ್ಟಿನ ತಡೆ ಅಂಟಿಸಿ. ಎರಡೂ ಬಣ್ಣಕ್ಕೂ ಅದೇ ಮೂಲೆಗೆ ಪೇಪರ್ ಒತ್ತಿ. ಕೆಲಸ ನಿಲ್ಲಿಸಿದ ಕೂಡಲೇ ಸ್ಕ್ರೀನ್ ತೊಳೆಯಿರಿ, ನೀರಿನ ಇಂಕ್ ಮೆಶ್‌ನಲ್ಲಿ ಒಣಗಿದರೆ ಆ ಸ್ಕ್ರೀನ್ ಮುಗಿಯಿತು. ಅಂಟಿಸೋಕೆ ಮೈದಾ ಅಂಟು ಸಾಕು, ಗೋಡೆಯವರನ್ನು ಮಾತ್ರ ಕೇಳಿ ಅಂಟಿಸಿ. ನಂಬರ್ ಹಾಕಬೇಡಿ. ಕೇಳಿದವರಿಗೆಲ್ಲ ಕೊಡಿ.

ಅಪ್ಪ ಅಮ್ಮನ ಭಯ ನ್ಯಾಯವಾದದ್ದು. ಬರೀ ಪ್ರಿಂಟ್ ಮಾರಿ ಮನೆ ನಡೆಸುವವರು ನಮ್ಮಲ್ಲಿ ಕಮ್ಮಿ, ಇದನ್ನು ಅವರಿಂದ ಮುಚ್ಚಿಡಬೇಡಿ. ಪ್ರಿಂಟ್ ಕಲಿತವರು ಪುಸ್ತಕದ ಮುಖಪುಟ ಮಾಡುತ್ತಾರೆ, ಸಿನಿಮಾದ ಕಲಾ ವಿಭಾಗಕ್ಕೆ ಹೋಗುತ್ತಾರೆ, ಬಟ್ಟೆ ಮೇಲೆ ಪ್ರಿಂಟ್ ಮಾಡುತ್ತಾರೆ, ಮೇಷ್ಟ್ರಾಗುತ್ತಾರೆ, ಮಿಕ್ಕ ಸಮಯದಲ್ಲಿ ತಮ್ಮ ಕೆಲಸ ಮಾಡಿಕೊಳ್ಳುತ್ತಾರೆ. ಸರ್ಕಾರಿ ಕಾಲೇಜಿಗೂ ಖಾಸಗಿಗೂ ಫೀಸಿನಲ್ಲಿ ತುಂಬಾ ವ್ಯತ್ಯಾಸ ಇರುತ್ತೆ, ಸಾಲ ಮಾಡಿ ಸೇರುವ ಹಾಗಿದ್ದರೆ ಬೇಡ ಅಂತಲೇ ನನ್ನ ಅಭಿಪ್ರಾಯ. ಸಾಲದ ಕಂತು ಇರುವ ಹುಡುಗ ಹೊಸದೇನೂ ಪ್ರಯತ್ನ ಮಾಡೋಕೆ ಹೆದರುತ್ತಾನೆ. ಕಾಲೇಜು ನೋಡೋಕೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಎಚಿಂಗ್ ಪ್ರೆಸ್ ತಿರುಗುತ್ತಿರುವಾಗ ಪಕ್ಕದಲ್ಲಿ ನಿಲ್ಲಿಸಿ, ಬ್ಲಾಂಕೆಟ್ ಎತ್ತಿ ಪೇಪರ್ ಬಿಡಿಸುವುದನ್ನು ನೋಡಲಿ. ಆ ದಿನ ಅಲ್ಲಿ ಯಾರೂ ಪ್ರೆಸ್ ತಿರುಗಿಸುತ್ತಿಲ್ಲ ಅಂದರೆ ಆ ಕಾಲೇಜನ್ನು ಪಟ್ಟಿಯಿಂದ ತೆಗೆದು, ಮುಂದಿನ ಊರಿನ ಬಸ್ಸು ಹತ್ತಿ.